ಹಂದಿಯ ತಲೆ ನಕ್ಕ ದಿನ

ಕೊರಿಯಾದ ಬುಸಾನ್ ಬಂದರಿನ ಬೂಟು ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುವುದರಲ್ಲಿ ಪ್ಯೋ ಒಕ್‌ಬುನ್ ಎತ್ತಿದ ಕೈ. ಅವಳು ಹೊಲಿದ ಬೂಟೊಂದನ್ನು ತಿಮಿಂಗಿಲ ನುಂಗಿತ್ತಂತೆ. ಆಮೇಲೆ ಸಿಕ್ಕಾಗ ತಿಮಿಂಗಿಲದ ಹೊಟ್ಟೆ ಬಿಚ್ಚಿಹೋಗಿತ್ತು, ಹೊಲಿಗೆ ಬಿಚ್ಚಿರಲಿಲ್ಲ. ಸುಳ್ಳು ಅನ್ನುವವರು ತಿಮಿಂಗಿಲವನ್ನೇ ಕೇಳಿಕೊಳ್ಳಲಿ.

ಕಾರ್ಖಾನೆಯ ಯಜಮಾನ, ಮಾ ಎಂಬಾತ, ಬೆಳಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಬಿಗಿಯುತ್ತಿದ್ದ. "ಒಂದೊಂದು ದೇಶಕ್ಕೆ ಒಂದೊಂದು ಕಸುಬು ಒಗ್ಗುತ್ತೆ ಕಣ್ರಮ್ಮ. ಇಂಡೋನೇಷ್ಯಾದೋರು ರಬ್ಬರ್ ಕಳಿಸ್ಲಿ, ನಾವು ಬೂಟು ಕಳಿಸೋಣ. ಇಬ್ರ ಹೊಟ್ಟೆನೂ ತುಂಬುತ್ತೆ."

ಒಕ್‌ಬುನ್ ಅದನ್ನು ಪೂರ್ತಿ ನಂಬಿದ್ದಳು. ಕೂಲಿ ಹೆಚ್ಚಿಸಿ ಎಂದು ಜೊತೆಯವರೆಲ್ಲ ಬೀದಿಗಿಳಿದಾಗಲೂ ತನ್ನ ಯಂತ್ರ ಬಿಟ್ಟು ಏಳಲಿಲ್ಲ. "ಯಜಮಾನನ ಬಾಲ" ಎಂದು ಅನ್ನಿಸಿಕೊಂಡಿದ್ದೂ ಆಯಿತು.

ಸಿಯೋಲ್‌ನಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ ಬೂಟಿನ ಬೇಡಿಕೆ ಇಳಿಯಿತು. ಕಾರ್ಖಾನೆ ಮುಚ್ಚುತ್ತದೆ ಎಂಬ ಗುಸುಗುಸು. ಅಷ್ಟರಲ್ಲಿ ಒಕ್‌ಬುನ್‌ಳ ಯಂತ್ರಕ್ಕೆ ಹೊಸ ಬಣ್ಣ ಬಳಿದರು. ಯಜಮಾನನೇ ಬಂದು, "ಒಕ್‌ಬುನಮ್ಮ, ನಾಳೆ ಯಂತ್ರಕ್ಕೆ ಪೂಜೆ. ಒಳ್ಳೆ ಹಂದಿತಲೆ ತಗೊಂಬಾ," ಅಂದ.

ಹಂದಿತಲೆ ಇಟ್ಟು ಯಂತ್ರಕ್ಕೆ ಪೂಜೆ ಮಾಡುವುದು ಅಲ್ಲಿನ ರೂಢಿ, ಅದೂ ಯಂತ್ರ ಬಂದು ನೆಲೆ ನಿಲ್ಲುವಾಗ. ಅಂದಮೇಲೆ ಕೆಲಸ ಉಳಿಯಿತು! ಒಕ್‌ಬುನ್ ಕುಣಿಯುತ್ತಾ ಸಂತೆಗೆ ಹೋದಳು.

"ನಗ್ತಿರೋ ತಲೆ ಕೊಡಪ್ಪ, ಶುಭ ಕಾರ್ಯ."

"ನಿನ್ನ ಗಂಡನಿಗಿಂತ ಚೆನ್ನಾಗಿ ನಗುತ್ತೆ ನೋಡು ಇದು," ಅಂದ ಕಟುಕ.

ಮರುದಿನ ಅವಳು ಯಂತ್ರದ ಕಾಲಿಗೆ ಅಕ್ಕಿಹೆಂಡ ಸುರಿದು ಅಡ್ಡಬಿದ್ದಳು. ಯಜಮಾನ ಹಂದಿಯ ಬಾಯಿಗೆ ನೋಟು ಸಿಕ್ಕಿಸಿ ಕೈಮುಗಿದ.

"ಕಡಲು ದಾಟಿ ಸುಖವಾಗಿ ಸೇರಲಿ."

"ಬೂಟು ತಾನೇ?" ಎಂದಳು ಒಕ್‌ಬುನ್.

ಅಷ್ಟರಲ್ಲಿ ಬಡಗಿಗಳು ಹಲಗೆ ಹೊತ್ತುಕೊಂಡು ಒಳಗೆ ಬಂದು ಯಂತ್ರದ ಅಳತೆ ತೆಗೆಯತೊಡಗಿದರು, ಹೆಣಕ್ಕೆ ಪೆಟ್ಟಿಗೆ ಮಾಡುವವರ ಹಾಗೆ.

"ಇಂಡೋನೇಷ್ಯಾದಲ್ಲಿ ಕೂಲಿ ಕಮ್ಮಿ ಒಕ್‌ಬುನಮ್ಮ. ನನ್ನ ಬಂಡವಾಳ ನಾನು ಅಲ್ಲಿಗೇ..."

"ನಮಗೆ ಬೂಟು ಒಗ್ಗುತ್ತೆ ಅಂದಿದ್ರಿ?"

"ಯಂತ್ರಕ್ಕೆ ಎಲ್ಲಾದ್ರೂ ಒಗ್ಗುತ್ತೆ. ನೀನೂ ಬಾ, ಅಲ್ಲಿನ ಹುಡುಗೀರಿಗೆ ಕಲಿಸಿಕೊಡು."

"ಕಲಿಸಿದ ಮೇಲೆ?"

ಯಜಮಾನ ಹಂದಿಯ ಮುಖ ನೋಡಿದ. ಅದು ನಗುತ್ತಲೇ ಇತ್ತು.

ಪೂಜೆಯ ಮಾಂಸ ಹಂಚುವುದು ಒಕ್‌ಬುನ್‌ಳ ಪಾಲಿನ ಕೆಲಸ. ಚಾಕು ತೆಗೆದುಕೊಂಡಳು. ಬಡಗಿಗಳಿಗೂ ಒಳ್ಳೆಯ ತುಂಡೇ ಬಿತ್ತು. ಯಜಮಾನನ ತಟ್ಟೆಗೆ ಎರಡೂ ಕಿವಿ ಹಾಕಿದಳು.

"ಇವು ನಿಮಗಿರಲಿ ಯಜಮಾನ್ರೇ. ಅಲ್ಲೂ ಬೆಳಿಗ್ಗೆ ಭಾಷಣ ಮಾಡ್ತೀರಲ್ಲ, ಕೇಳೋಕೆ ಬೇಕಾಗ್ತವೆ. ನನ್ನವು ಇನ್ನು ಸಿಗೋದಿಲ್ಲ."

ಸೂಜಿ ಚುಚ್ಚದಂತೆ ತೊಡುತ್ತಿದ್ದ ಬೆರಳುಟೋಪಿಯನ್ನು ಜೇಬಿಗಿಳಿಸಿ, ಅಂದು ಬೀದಿಗಿಳಿದಿದ್ದವರು ನಿಂತ ಕಡೆಗೆ ಹೋದಳು. ಅವರು ಸರಿದು ಜಾಗ ಬಿಟ್ಟರು.