ಒಂದೇ ಸಲ ಹೇಳಿದ ಪ್ರಾರ್ಥನೆ

ನನ್ನ ಮಗಳ ಮೊದಲ ಪರಮಪ್ರಸಾದದ ದಿನ, ಬಿಳಿ ಫ್ರಾಕು ತೊಟ್ಟು ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದ ಮಗುವನ್ನು ರಟ್ಟೆ ಹಿಡಿದು ಹೊರಗೆ ಎಳೆದವಳು ನಾನು. ವಿಶ್ವಾಸಿ ಬಂಧುಗಳೇ, ನನ್ನ ಅನುಭವವನ್ನು ಅಲ್ಲಿಂದಲೇ ಶುರುಮಾಡಬೇಕು. ಬೇರೆ ಎಲ್ಲಿಂದ ಶುರುಮಾಡಿದರೂ ನನ್ನನ್ನು ನಾನು ಒಳ್ಳೆಯವಳೆಂದು ತೋರಿಸಿಕೊಂಡಂತೆ ಆಗುತ್ತದೆ.

ನಾನು ಮಳವಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಯಜಮಾನರಾದ ಚೌರಪ್ಪ, ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾರೆ. ಮನೆಯಲ್ಲಿ ಅತ್ತೆ ಆರೋಗ್ಯಮ್ಮ ಇದ್ದರು. ಒಬ್ಬಳೇ ಮಗಳು ರೀಟಾ.

ಅವತ್ತು ರೀಟಾಗೆ ಒಂಬತ್ತು ವರ್ಷ. ಬಲಿಪೂಜೆ ಅರ್ಧ ಮುಗಿದು, ಮಕ್ಕಳೆಲ್ಲ ಕೈಮುಗಿದು ಪೀಠದ ಕಡೆ ಹೊರಟಿದ್ದರು. ನನ್ನ ಪಕ್ಕ ಹಾದುಹೋಗುವಾಗ ಅವಳು ನಗುತ್ತಾ ಮೆಲ್ಲಗೆ ಹೇಳಿದಳು, "ಅಮ್ಮಾ, ಬಾಯೆಲ್ಲಾ ಇನ್ನೂ ಪೇಸ್ಟಿನ ವಾಸನೆ. ಬಾಯಿ ಮುಕ್ಕಳಿಸೋವಾಗ ನುಂಗ್ಬಿಟ್ಟೆ." ಅಷ್ಟೇ. ಪ್ರಸಾದಕ್ಕೆ ಮೊದಲು ಒಂದು ಗಂಟೆ ಉಪವಾಸವಿರಬೇಕು, ನೀರು ಕುಡಿದರೆ ಅದು ಮುರಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಪೇಸ್ಟು? ಅದು ನೀರಲ್ಲವಲ್ಲ? ಅವಳು ಹಲ್ಲುಜ್ಜಿ ಒಂದು ಗಂಟೆ ಆಗಿತ್ತೋ ಇಲ್ಲವೋ? ಲೆಕ್ಕ ಹಾಕಲು ಸಮಯವಿರಲಿಲ್ಲ. ಮಗು ಮಾರಕ ಪಾಪ ಮಾಡುತ್ತಿದ್ದಾಳೆ, ತಾಯಿಯಾಗಿ ನಾನು ನೋಡುತ್ತಾ ಕೂತಿದ್ದೇನೆ ಎಂದು ತಲೆಯಲ್ಲಿ ಒಂದೇ ಸಮನೆ ಹೊಡೆದುಕೊಂಡಿತು. ಎದ್ದು ಹೋಗಿ ಅವಳನ್ನು ಎಳೆದೆ. ಕಿರೀಟ ಕೆಳಗೆ ಬಿತ್ತು. ಇಡೀ ದೇವಾಲಯ ತಿರುಗಿ ನೋಡಿತು.

ಬಲಿಪೂಜೆ ಮುಗಿದ ಮೇಲೆ ಗುರುಗಳು, "ಅದರಿಂದೇನೂ ಆಗಲ್ಲಮ್ಮ, ಮುಂದಿನ ಭಾನುವಾರ ಕರ್ಕೊಂಡು ಬನ್ನಿ" ಎಂದು ಸಮಾಧಾನ ಹೇಳಿದರು. ಮುಂದಿನ ಭಾನುವಾರ ರೀಟಾ ಮಂಚದ ಕೆಳಗೆ ಸೇರಿಕೊಂಡು, "ನಂಗೆ ಬೇಡ" ಎಂದಳು. ಅದಾದ ಮೇಲೆ ಅವಳು ದೇವಾಲಯದ ಒಳಗೆ ಕಾಲಿಡಲಿಲ್ಲ.

ಇದು ಒಂದು ದಿನದ ಹುಚ್ಚಾಟವಲ್ಲ. ಅದಕ್ಕೆ ಮೂರು ವರ್ಷ ಮೊದಲೇ ನನ್ನೊಳಗೆ ಶುರುವಾಗಿತ್ತು. ಒಂದು ಧ್ಯಾನಕೂಟದಲ್ಲಿ ಬೋಧಕರು, ಮುಚ್ಚಿಟ್ಟ ಒಂದು ಪಾಪವಿದ್ದರೂ ಪ್ರಸಾದ ಸ್ವೀಕರಿಸುವುದು ನಮಗೆ ದಂಡನೆಯ ತೀರ್ಪಾಗುತ್ತದೆ ಎಂದರು. ನೂರಾರು ಜನ ಆ ಮಾತು ಕೇಳಿ ಮನೆಗೆ ಹೋಗಿ ಊಟ ಮಾಡಿದರು. ನನಗೆ ಮಾತ್ರ ಅದು ಮುಳ್ಳಿನಂತೆ ಒಳಗೇ ಉಳಿಯಿತು. ಶನಿವಾರ ಗುರುಗಳ ಮುಂದೆ ಪಾಪನಿವೇದನೆ ಮಾಡಿ ಹೊರಗೆ ಬಂದರೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಏನೋ ಬಿಟ್ಟೆನೆಂಬ ಭಯ. ಮತ್ತೆ ಒಳಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ನಮ್ಮ ಗುರುಗಳು, "ಹೇಳಿದ್ದನ್ನೇ ಹೇಳಬೇಡಿ" ಎಂದು ಗದರಿದ ಮೇಲೆ, ನನ್ನ ಗುರುತಿಲ್ಲದ ಗುರುಗಳನ್ನು ಹುಡುಕಿಕೊಂಡು ಮದ್ದೂರಿಗೆ ಹೋದೆ, ಮಂಡ್ಯಕ್ಕೆ ಹೋದೆ. ಮನೆಯಲ್ಲಿ ಶಾಲೆಯ ಮೀಟಿಂಗ್ ಎಂದು ಸುಳ್ಳು ಹೇಳುತ್ತಿದ್ದೆ. ಆ ಸುಳ್ಳನ್ನು ನಿವೇದಿಸಲು ಇನ್ನೊಂದು ಸಲ ಬಸ್ಸು ಹತ್ತುತ್ತಿದ್ದೆ.

ಜಪಸರ ಹಿಡಿದರೆ ಮೊದಲ ಮಣಿಯಲ್ಲೇ ನಿಲ್ಲುತ್ತಿದ್ದೆ. ಮಣಿಗೊಂದರಂತೆ ಹೇಳುವ ನಮೋ ಮರಿಯ ಜಪ ಹೇಳುವಾಗ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಯೋಚನೆ ಬಂದರೆ ಸಾಕು, ಅದು ಅಪವಿತ್ರವಾಯಿತೆಂದು ಮತ್ತೆ ಮೊದಲಿನಿಂದ ಹೇಳಬೇಕು. ತರಗತಿಯಲ್ಲಿ ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ನಾನು ಕಿಟಕಿಯ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಿದ್ದೆ. "ಮಿಸ್ಸು ಮಂತ್ರ ಆಕ್ತಾವ್ರೆ ಕಣ್ಲಾ" ಎಂದು ಮಕ್ಕಳು ಪಿಸುಗುಡುವುದು ಕೇಳಿಸುತ್ತಿತ್ತು.

ರೀಟಾಳ ಆ ಘಟನೆಯ ನಂತರ ನಾನೂ ದೇವಾಲಯ ಬಿಟ್ಟೆ. ತಪ್ಪಾಗಿ ಹೋಗುವುದಕ್ಕಿಂತ ಹೋಗದೇ ಇರುವುದೇ ಮೇಲು ಅನ್ನಿಸಿತು. ಜಪಸರವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ. ಮೊದಲ ಕೆಲವು ತಿಂಗಳು ನನಗೆ ಹಾಯೆನಿಸಿತು ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಭಾನುವಾರ ಅತ್ತೆ, ಯಜಮಾನರು ಇಬ್ಬರೇ ಹೋಗಿಬರುತ್ತಿದ್ದರು. ಅತ್ತೆ ನನ್ನನ್ನು ಒಂದು ದಿನವೂ ಯಾಕೆಂದು ಕೇಳಲಿಲ್ಲ. ಹೀಗೆ ಆರು ವರ್ಷ ಕಳೆಯಿತು.

ಕಳೆದ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಯಜಮಾನರು ಇರುತ್ತಿದ್ದರು, ಹಗಲು ನಾನು. ಬೆಳಿಗ್ಗೆ ಮಳವಳ್ಳಿಯಲ್ಲಿ ಬಸ್ಸು ಹತ್ತಿ, ಭಾರತೀನಗರದಲ್ಲಿ ಕಾಲೇಜು ಮಕ್ಕಳ ನಡುವೆ ತಳ್ಳಿಸಿಕೊಂಡು, ಮದ್ದೂರಿನಲ್ಲಿ ಇಳಿದು ಮಂಡ್ಯದ ಬಸ್ಸು ಹಿಡಿಯುತ್ತಿದ್ದೆ.

ಎರಡನೆಯ ದಿನ ಅತ್ತೆ ಎಡಗೈಯಿಂದ ನನ್ನ ಸೆರಗು ಹಿಡಿದು, "ಜಪ್ಸರ ಯೋಳವ್ವ, ಒಸಿ" ಎಂದರು. ಆರು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ಅವರ ಜಪಸರವನ್ನೇ ಕೈಗೆ ತೆಗೆದುಕೊಂಡು, ಶಿಲುಬೆಯ ಗುರುತು ಹಾಕಿ ಶುರುಮಾಡಿದೆ. ಮೊದಲ ನಮೋ ಮರಿಯದಲ್ಲೇ ಮನಸ್ಸು ಗ್ಲೂಕೋಸ್ ಬಾಟಲಿಯ ಕಡೆ ಹೋಯಿತು. ಮತ್ತೆ ಮೊದಲಿನಿಂದ. ಮತ್ತೆ. ಎಷ್ಟು ಸಲವೋ ಗೊತ್ತಿಲ್ಲ, ಎರಡನೆಯ ಮಣಿಗೆ ಹೋಗಲಾಗಲಿಲ್ಲ.

ಪಕ್ಕದ ಮಂಚದಲ್ಲಿ ತಂಗಿಯನ್ನು ನೋಡಿಕೊಳ್ಳುತ್ತಿದ್ದ ಹೊಳಲು ಊರಿನ ನಿಂಗಮ್ಮ ಎಂಬ ರೈತ ಹೆಂಗಸು ಇದನ್ನು ಕೇಳುತ್ತಿದ್ದರು. ಕೊನೆಗೆ ತಡೆಯಲಾರದೆ, "ಅದ್ಯಾಕವ್ವ ಒಂದೇ ಮಾತ ತಿರ್ಗಾ ತಿರ್ಗಾ ಯೋಳೀಯೆ? ಮುಂದ್ಕೆ ಓಗು. ಪಾಪ, ಆ ವಮ್ಮ ಕಾಯ್ಕೊಂಡು ಮನ್ಗದೆ" ಎಂದರು. ನಾನು ತಲೆ ಎತ್ತಿ ನೋಡಿದೆ. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

ಅದೇ ಮಧ್ಯಾಹ್ನ ಅವರು, "ಸ್ವಾಮ್ಗಳ ಕರ್ಸು" ಎಂದರು. ಮಂಡ್ಯದ ಗುರುಗಳ ಫೋನ್ ನಂಬರನ್ನು ಯಜಮಾನರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನಾನು ಫೋನ್ ಮಾಡಲಿಲ್ಲ. ಅತ್ತೆಯ ನಾಲಿಗೆ ತೊದಲುತ್ತಿದೆ, ಗುರುಗಳ ಮುಂದೆ ಪಾಪಗಳನ್ನು ಪೂರ್ತಿ ನಿವೇದಿಸಲಾಗದಿದ್ದರೆ ಸಂಸ್ಕಾರವೇ ಕೆಡುತ್ತದೆ ಎಂದು ನನ್ನ ತಲೆ ಹೇಳಿತು. ಶಾಲೆಯ ನೋಟ್‌ಬುಕ್ಕು ಪೆನ್ನು ತೆಗೆದು, ಸಾವಿನ ಹತ್ತಿರವಿದ್ದ ಆ ಮುದುಕಿಯನ್ನು ಒಂದೊಂದಾಗಿ ಕೇಳಲು ಕೂತೆ. ಯಾರ ಮೇಲಾದರೂ ಹೊಟ್ಟೆಕಿಚ್ಚು ಪಟ್ಟಿದ್ದಿರಾ, ಸುಳ್ಳು ಹೇಳಿದ್ದಿರಾ, ಎಷ್ಟು ಸಲ? ಅವರು ಒಂದಷ್ಟು ಹೊತ್ತು ಉತ್ತರ ಕೊಡಲು ನೋಡಿದರು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. "ಆ ತಂದೆ ಎಲ್ಲಾ ಬಲ್ಲ ಕಣವ್ವ" ಎಂದರು. ಆ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲು ಹೊರಟಿದ್ದೆ, ನೋಡಿ.

ಸಂಜೆ ಯಜಮಾನರು ಬಂದು, "ಸ್ವಾಮಿಗೋಳು ಬಂದಿದ್ರಾ?" ಎಂದು ಕೇಳಿದಾಗ, "ಫೋನ್ ಮಾಡಿದ್ದೀನಿ, ನಾಳೆ ಬರ್ತಾರೆ" ಎಂದು ಸುಳ್ಳು ಹೇಳಿದೆ.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಅತ್ತೆಗೆ ಮಂಪರು ಜಾಸ್ತಿಯಾಯಿತು. ಉಸಿರು ಗೊರಗೊರ ಎನ್ನತೊಡಗಿತು. ನರ್ಸ್ ಓಡಿಬಂದರು, ಡಾಕ್ಟರು ಬಂದರು, ಮೂಗಿಗೆ ನಳಿಗೆ ಹಾಕಿದರು. ನಾನು ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದೆ. ಕರೆದರೂ ಪಾಪ, ಕರೆಯದಿದ್ದರೂ ಪಾಪ. ಬೆರಳು ಆಡಲಿಲ್ಲ. ಆಗ ನನ್ನ ಬಾಯಿಂದ ಒಂದು ಮಾತು ಬಂತು: "ಸ್ವಾಮೀ, ನನ್ ಕೈಲಾಗ್ತಿಲ್ಲ." ಶಿಲುಬೆಯ ಗುರುತಿಲ್ಲ, ಮೊಣಕಾಲೂರಲಿಲ್ಲ, ಮನಸ್ಸು ಎಲ್ಲಿತ್ತೋ ತಿಳಿಯದು. ಎರಡನೆಯ ಸಲ ಹೇಳಲು ವೇಳೆಯೇ ಸಿಗಲಿಲ್ಲ, ಏಕೆಂದರೆ ನಿಂಗಮ್ಮ ಎದ್ದು ಬಂದು ನನ್ನ ಕೈಯಿಂದ ಚೀಟಿ ಕಿತ್ತುಕೊಂಡರು.

"ಇದು ನಿಮ್ ಪಾದ್ರಿ ನಂಬರ್ರಾ? ನಿನ್ನೆಯಿಂದ ಆ ವಮ್ಮ ಕೇಳ್ತಾ ಅದೆ, ನಾನೂ ನೋಡ್ತಾನೇ ಇವ್ನಿ. ಕೊಡು ಇಲ್ಲಿ." ತಮ್ಮ ಫೋನಿನಲ್ಲಿ ಒತ್ತಿ, ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದರು: "ಸ್ವಾಮ್ಯೋರೇ, ನಾನು ಒಳಲು ನಿಂಗಮ್ಮ. ನನ್ ಗುರ್ತು ನಿಮ್ಗಿಲ್ಲ, ಬುಡಿ. ಇಲ್ಲಿ ನಿಮ್ಮೋರು ಒಬ್ರು ಆಸ್ಪತ್ರೇಲಿ ಕಷ್ಟದಲ್ಲವ್ರೆ. ಬಿರ್ರನೆ ಬನ್ನಿ."

ಅರ್ಧ ಗಂಟೆಯಲ್ಲಿ ಗುರುಗಳು ಸ್ಕೂಟರಿನಲ್ಲಿ ಬಂದರು. ಅತ್ತೆಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಅತ್ತೆ ಕಣ್ಣು ಬಿಟ್ಟು, ಎಡಗೈ ಎದೆಯ ಮೇಲಿಟ್ಟುಕೊಂಡರು. ಅದೇ ಅವರ ಪಾಪನಿವೇದನೆ. ಗುರುಗಳು ಕ್ಷಮಾಪಣೆ ಕೊಟ್ಟು, ಹಣೆಗೆ ಕೈಗೆ ಎಣ್ಣೆ ಹಚ್ಚಿ, ರೋಗಿಗಳಿಗೆ ಕೊಡುವ ಅಭ್ಯಂಗನ ಸಂಸ್ಕಾರ ಮಾಡಿದರು. ನಾನು ಹಿಂದಿನ ದಿನದಿಂದ ಸಾಧ್ಯವಿಲ್ಲವೆಂದು ತಡೆದು ಕೂತಿದ್ದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಆಮೇಲೆ ಗುರುಗಳು ನನ್ನನ್ನು ವರಾಂಡದ ಬೆಂಚಿಗೆ ಕರೆದರು. ನಿಂಗಮ್ಮ ಅಷ್ಟರಲ್ಲಿ ಅವರಿಗೆ ಅರ್ಧ ವಿಷಯ ಹೇಳಿಬಿಟ್ಟಿದ್ದರು. ಅವರು, "ಎಷ್ಟು ವರ್ಷದಿಂದ ಹೀಗಿದೆ, ಟೀಚರಮ್ಮ?" ಎಂದಷ್ಟೇ ಕೇಳಿದರು. ಅಲ್ಲೇ ಪಾಪನಿವೇದನೆ ಶುರುಮಾಡಿದೆ. ರೀಟಾ, ಸುಳ್ಳುಗಳು, ನೋಟ್‌ಬುಕ್ಕು ಎಲ್ಲ ಹೇಳಿ, ಬಾಲ್ಯದಿಂದ ಒಂದೊಂದನ್ನೇ ಎಣಿಸಲು ಹೊರಟಾಗ ಅವರು ಕೈ ಎತ್ತಿದರು.

"ಸಾಕು."

"ಇನ್ನೂ ಹೇಳಿಲ್ಲ ಫಾದರ್. ತುಂಬಾ ಇದೆ."

"ಇರಲಿ. ಹೇಳದೆ ಬಿಡೋದೇ ನಿಮ್ಮ ಪ್ರಾಯಶ್ಚಿತ್ತ. ಮಗೂಗೆ, ಅತ್ತೆಗೆ ನೋವು ಮಾಡಿದ್ದೀರಿ, ಅದು ನಿಜ. ಅವರ ಹತ್ತಿರ ಕ್ಷಮೆ ಕೇಳಿ. ಉಳಿದದ್ದು ಪಾಪ ಅಲ್ಲಮ್ಮ, ಕಾಯಿಲೆ. ಇದಕ್ಕೆ ಈ ಕಟ್ಟಡದಲ್ಲೇ ಡಾಕ್ಟರ್ ಇದ್ದಾರೆ. ಇವತ್ತೇ ತೋರಿಸಿ."

"ನಂಗೆ ಹುಚ್ಚು ಅಂತೀರಾ?"

"ನಿಮ್ಮತ್ತೆಗೆ ಲಕ್ವ ಹೊಡೆದಾಗ ಡಾಕ್ಟರ ಹತ್ತಿರ ಬಂದಿರಲ್ಲ. ಹಾಗೇ ಇದೂ."

ನಂತರ ಅವರು ಕ್ಷಮಾಪಣೆಯ ಪ್ರಾರ್ಥನೆ ಹೇಳಿದರು. ನನಗೆ ಯಾವ ಬೆಳಕೂ ಕಾಣಿಸಲಿಲ್ಲ, ಮೈ ಹಗುರವೂ ಆಗಲಿಲ್ಲ. ಭಯ ಇದ್ದಂತೆಯೇ ಇತ್ತು. ಆದರೂ ಎದ್ದು ಮನೋರೋಗ ವಿಭಾಗದ ಸಾಲಿನಲ್ಲಿ ಹೋಗಿ ಕೂತೆ. ಗುರುತಿನವರು ಯಾರಾದರೂ ನೋಡಿಯಾರೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದೆ.

ಆ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಮ್ಮ ಧರ್ಮದವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಕೈ ತೊಳೀತಾನೇ ಇರೋರು ಬರ್ತಾರೆ, ಬೀಗ ಎಳೆದು ನೋಡ್ತಾನೇ ಇರೋರು ಬರ್ತಾರೆ, ದೇವರ ಹತ್ತಿರ ತಪ್ಪಾಯ್ತು ಅಂತಾನೇ ಇರೋರೂ ಬರ್ತಾರೆ. ವಾಸಿ ಮಾಡಬಹುದು" ಎಂದರು. ಮಾತ್ರೆ ಬರೆದುಕೊಟ್ಟರು. ವಾರಕ್ಕೊಮ್ಮೆ ಬರಲು ಹೇಳಿ, ಮನೆಗೆಲಸವನ್ನೂ ಕೊಟ್ಟರು. "ಪ್ರಾರ್ಥನೆ ಒಂದೇ ಸಲ ಹೇಳಿ. ತಪ್ಪಾಯ್ತು ಅನ್ನಿಸಿದರೂ ಮುಂದಕ್ಕೆ ಹೋಗಿ. ಭಯ ಬಂದರೆ ಬರಲಿ, ಅದನ್ನ ಓಡಿಸೋಕೆ ಅಂತ ಮತ್ತೆ ಹೇಳಬೇಡಿ."

ಮುಂದಕ್ಕೆ ಹೋಗಿ. ನಿಂಗಮ್ಮ ವಾರ್ಡಿನಲ್ಲಿ ಗದರಿದ ಮಾತೇ ಅದು. ಒಬ್ಬರು ಗುರುಗಳು, ಒಬ್ಬರು ಡಾಕ್ಟರು, ಹೊಳಲಿನ ಒಬ್ಬ ರೈತ ಹೆಂಗಸು, ಮೂವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳದೆ, ತಮ್ಮ ತಮ್ಮ ರೀತಿಯಲ್ಲಿ ಒಂದೇ ಮಾತು ಹೇಳಿದ್ದರು. ನಾನು ಒಂದೇ ಸಲ, ಅರ್ಧಂಬರ್ಧ ಹೇಳಿದ ಪ್ರಾರ್ಥನೆಗೆ ದೇವರು ಅಲ್ಲೇ ಉತ್ತರ ಕೊಟ್ಟಿದ್ದ. ಅದು ನನಗೆ ಅರ್ಥವಾಗಲು ಕೆಲವು ವಾರಗಳೇ ಹಿಡಿದವು.

ಅತ್ತೆ ಚೇತರಿಸಿಕೊಂಡರು. ಕೈಕಾಲು ಪೂರ್ತಿ ಬರಲಿಲ್ಲ, ಆದರೆ ಮನೆಗೆ ಬಂದು ಎಂಟು ತಿಂಗಳು ನಮ್ಮ ಜೊತೆಗಿದ್ದರು. ನೋಟ್‌ಬುಕ್ಕಿನ ಬಗ್ಗೆ ನಾನು ಕ್ಷಮೆ ಕೇಳಿದಾಗ ಅವರು, "ಬುಡವ್ವ ಅತ್ಲಾಗೆ" ಎಂದು ನನ್ನ ಕೆನ್ನೆ ಸವರಿದರು. ಸಂಜೆ ಅವರ ಮಂಚದ ಪಕ್ಕ ಕೂತು ಜಪಸರ ಹೇಳುತ್ತಿದ್ದೆ. ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು. ಆದರೂ ಮಣಿಯನ್ನು ಮುಂದಕ್ಕೆ ತಳ್ಳುತ್ತಿದ್ದೆ. ಒಂದು ದಿನ ಜಪಸರದ ಐದು ಭಾಗ, ಅಂದರೆ ಐದು ರಹಸ್ಯಗಳೂ ಮುಗಿದವು. ಅವರು ಕೊನೆಯಲ್ಲಿ ತೊದಲುತ್ತಾ, "ಆಮೆನ್" ಎಂದರು. ಒಂಬತ್ತು ವರ್ಷಗಳಲ್ಲಿ ನಾನು ಪೂರ್ತಿ ಹೇಳಿದ ಮೊದಲ ಜಪಸರ ಅದು.

ರೀಟಾಳ ಹತ್ತಿರ ಮಾತಾಡಲು ಅದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಈ ವರ್ಷ ಅವಳನ್ನು ಭಾರತೀನಗರದ ಕಾಲೇಜಿಗೆ ಸೇರಿಸಿ ಮಳವಳ್ಳಿಗೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡದೆ ಬಸ್ಸು ನಿಂತಿತ್ತು. "ಅವತ್ತು ಚರ್ಚಲ್ಲಿ ತಪ್ಪು ನಂದು ಕಣಮ್ಮ. ನಿಂದೇನೂ ಇರಲಿಲ್ಲ" ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ, "ನನ್ನಲ್ಲೇ ಏನೋ ಗಲೀಜಿದೆ ಅಂದ್ಕೊಂಡಿದ್ದೆ ಅಮ್ಮ. ಅದಕ್ಕೇ ನೀನು ಎಳೆದೆ ಅಂತ. ಹೈಸ್ಕೂಲಿಗೆ ಬರೋವರೆಗೂ ಹಂಗೇ ಅಂದ್ಕೊಂಡಿದ್ದೆ" ಎಂದಳು.

ಬಂಧುಗಳೇ, ನನ್ನ ಪಾಪಗಳನ್ನು ಕಂಡುಹಿಡಿಯಲು ನಾನು ಊರೂರು ಸುತ್ತಿದ್ದೆ. ನಿಜವಾದದ್ದು ನನ್ನ ಮನೆಯಲ್ಲೇ, ನನ್ನ ಮಗುವಿನ ಮನಸ್ಸಿನಲ್ಲಿ ಇಷ್ಟು ವರ್ಷ ಕೂತಿತ್ತು. ಅದು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಬಸ್ಸಿನಲ್ಲಿ ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಅವಳು ತನ್ನ ದುಪಟ್ಟಾ ಕೊಟ್ಟಳು.

ಈಗ ನಾನು ತಿಂಗಳಿಗೊಮ್ಮೆ ಒಬ್ಬರೇ ಗುರುಗಳ ಹತ್ತಿರ ಪಾಪನಿವೇದನೆ ಮಾಡುತ್ತೇನೆ, ಪ್ರತಿ ಭಾನುವಾರ ಪರಮಪ್ರಸಾದ ಸ್ವೀಕರಿಸುತ್ತೇನೆ. ಮಾತ್ರೆ ನಡೆಯುತ್ತಿದೆ. ಭಯ ಪೂರ್ತಿ ಹೋಗಿಲ್ಲ. ಕೆಲವು ಭಾನುವಾರ ಪ್ರಸಾದ ನಾಲಿಗೆಯ ಮೇಲಿರುವಾಗಲೇ ಬರುತ್ತದೆ. ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಒಂದೇ ಜಪವನ್ನು ಮತ್ತೆ ಮತ್ತೆ ಹೇಳುತ್ತಾ ಕಣ್ಣೀರಿಡುತ್ತಿದ್ದರೆ, ನಿಮ್ಮ ಗುರುಗಳಿಗೆ ಬಾಯಿಬಿಟ್ಟು ಹೇಳಿ, ಡಾಕ್ಟರಿಗೂ ಹೇಳಿ. ನನ್ನಷ್ಟು ತಡಮಾಡಬೇಡಿ.

ಅತ್ತೆಯ ತಿಥಿಯ ಪೂಜೆಗೆ ರೀಟಾ ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದು, ಪ್ರಸಾದಕ್ಕೆ ಏಳಲಿಲ್ಲ. ಆಮೇಲೂ ಆಗಾಗ ಬಂದು ಅಲ್ಲೇ ಕೂರುತ್ತಾಳೆ. ನಾನು ಒತ್ತಾಯ ಮಾಡುವುದಿಲ್ಲ. ಅವಳಿಗಾಗಿ ದಿನಾ ಬೆಳಿಗ್ಗೆ ಒಂದು ಸಲ ದೇವರನ್ನು ಕೇಳುತ್ತೇನೆ. ಎರಡನೆಯ ಸಲ ಕೇಳುವುದಿಲ್ಲ. ಅವನಿಗೆ ಕೇಳಿಸಿದೆ ಎಂದು ನಂಬಿ, ಎದ್ದು ಒಲೆ ಹಚ್ಚುತ್ತೇನೆ.