ಅತ್ತೆಯ ಅಡುಗೆಮನೆಯ ಮೇಲಿನ ಮೂಲೆ

‘ತಗಡು ಕೆಲಸ’ ಎಂದು ಯಾರಾದರೂ ಬೈದರೆ ಅದನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳುವ ಮನುಷ್ಯ ಊರಿನಲ್ಲಿ ಒಬ್ಬನೇ ಇದ್ದ. ಎಲ್ಲರ ಬಾಯಲ್ಲೂ ಅವನು ಮೂಲೆ ಮೇಸ್ತ್ರಿ. ಸೂರು ಗೋಡೆಗೆ ತಾಗುವ ಮೂಲೆಗಳಲ್ಲಿ ನೀರು ಇಳಿಯದಂತೆ ತಗಡು ಮಡಿಸಿ ಕೂರಿಸುವುದು ಅವನ ಕಸುಬು. ಮೂಲೆಯಲ್ಲಿ ಕತ್ತರಿ ಆಡಿಸುತ್ತಿರಲಿಲ್ಲ. ಲಕೋಟೆಯ ಹಾಗೆ ಮಡಿಸಿ, ಅಂಚಿಗೆ ಅಂಚು ಸಿಕ್ಕಿಸಿ, ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಿದ್ದ.

ಆದರೆ ಮೂರು ಮಳೆಗಾಲದಿಂದ ಅವನ ಅತ್ತೆಯ ಅಡುಗೆಮನೆಯೇ ಸೋರುತ್ತಿತ್ತು. ಹನಿ ಬೀಳುತ್ತಿದ್ದುದು ಸರಿಯಾಗಿ ಒಲೆಯ ಮೇಲೆ. ತಗಡು ಇವನದು, ಗೋಡೆ ಇವನ ಭಾಮೈದನದು, ಅವನು ಗಾರೆ ಕೆಲಸದವನು.

"ನನ್ನ ಮೂಲೆ ಸೋರಲ್ಲ. ಗೋಡೇನೇ ಬಿರುಕು ಬಿಟ್ಟಿದೆ" ಎಂದು ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿಬಿಟ್ಟ, ಅದೂ ಬೀದಿಯಲ್ಲಿ ನಿಂತು. ಭಾಮೈದ ಎರಡು ಸಲ ಗಾರೆ ಕೆತ್ತಿ ಮತ್ತೆ ಮೆತ್ತಿದ. ಆಮೇಲೆ ಮಾತು ಬಿಟ್ಟ. ಊರಿನವರು ಅವನಿಗೆ ಕೆಲಸ ಹೇಳುವುದನ್ನು ಬಿಟ್ಟರು. ಹೆತ್ತ ತಾಯಿಯ ಒಲೆಯನ್ನೇ ಒಣಗಿಡಲಾರದವನು ನಮಗೇನು ಕಟ್ಟಿಯಾನು ಎಂಬ ಲೆಕ್ಕ.

ಈ ಬೇಸಿಗೆಯಲ್ಲಿ ಅತ್ತೆ ಇಬ್ಬರನ್ನೂ ಒಟ್ಟಿಗೆ ಕರೆಸಿದರು. "ಅಳಿಯಂದ್ರು ಹತ್ತಲಿ, ನೀನು ಏಣಿ ಹಿಡ್ಕೋ. ಮಾತಾಡೋದು ಬಿಡೋದು ನಿಮ್ಮಿಷ್ಟ."

ಮೇಸ್ತ್ರಿ ಹತ್ತಿ ಮೂಲೆ ನೋಡಿದ. ತಗಡಿನ ಮಡಿಕೆಯ ಬಾಯಿ ಪಡುವಣಕ್ಕೆ ತೆರೆದಿತ್ತು. ಮಳೆಗಾಳಿ ಬೀಸುವುದೇ ಆ ಕಡೆಯಿಂದ. ಅವನು ಎಡಚ. ಕೈ ಹೋದಂತೆ ಮಡಿಸಿದರೆ ಬಾಯಿ ಬೇರೆಯವರದಕ್ಕಿಂತ ತಿರುವುಮುರುವು. ಅದಕ್ಕೇ ಪ್ರತಿ ಮೂಲೆಯಲ್ಲೂ ಒಂದು ಗಳಿಗೆ ನಿಂತು, ಗಾಳಿ ನೆನೆಸಿಕೊಂಡು, ಆಮೇಲೆ ಮಡಿಸುತ್ತಿದ್ದ. ಇಲ್ಲಿ ಮಾತ್ರ ಅತ್ತೆಯೆದುರು ಕೈಚಳಕ ತೋರಿಸುವ ಭರದಲ್ಲಿ ನಿಂತಿರಲಿಲ್ಲ. ಎಡಚನ ಶುದ್ಧ ಎಡವಟ್ಟು.

ಕೆಳಗಿನವನಿಗೆ ಇದು ಕಾಣುವಂತಿರಲಿಲ್ಲ. ಹೊಸ ತಗಡು ಸರಿಯಾಗಿ ಮಡಿಸಿ ತಟ್ಟಿದರೆ ಹತ್ತು ನಿಮಿಷದ ಕೆಲಸ. ಗೋಡೆಯ ಮೇಲಿನ ಅಪವಾದ ಗೋಡೆಗೇ ಉಳಿಯುತ್ತಿತ್ತು. ಸುತ್ತಿಗೆ ಎತ್ತಿದ. ಕೆಳಗೆ ಭಾಮೈದ ಎರಡೂ ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದು, ಮುಖ ಮಾತ್ರ ಬೀದಿಯ ಕಡೆ ತಿರುಗಿಸಿಕೊಂಡಿದ್ದ.

"ಸ್ವಲ್ಪ ಮೇಲೆ ಬಾ" ಎಂದ ಮೇಸ್ತ್ರಿ.

ಭಾಮೈದ ಹತ್ತಿ ಬಂದು ಮಡಿಕೆಯೊಳಗೆ ಬೆರಳು ತೂರಿಸಿದ. ತುಕ್ಕು ಅಂಟಿತು.

"ಮೂರು ವರ್ಷ ನನ್ನ ಗೋಡೆಗೆ ಬೈದ್ರಲ್ಲ, ಭಾವ."

"ಬೈದೆ. ತಪ್ಪಾಯ್ತು."

"ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ಬೈದಿದ್ದು ಬೀದೀಲಿ ತಾನೆ?"

ಮೇಸ್ತ್ರಿ ಸೂರಿನ ಮೇಲೆ ಎದ್ದು ನಿಂತ. "ಗೋಡೆ ಸರಿಯಾಗಿದೆ. ಸೋರಿದ್ದು ನನ್ನ ಮೂಲೆ" ಎಂದ.

ಎದುರು ಮನೆಯ ದರ್ಜಿ ಹೊಲಿಗೆಯಂತ್ರ ನಿಲ್ಲಿಸಿ ಕಿವಿಗೆ ಕೈ ಹಿಡಿದ. "ಯಾರದು ಅಂದ್ರಿ?"

"ನಂದು. ನಂದು ಕಣಪ್ಪಾ."

ದರ್ಜಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು. ಮಾರನೆಯ ದಿನ ಹಿತ್ತಿಲ ಗೋಡೆ ಕಟ್ಟಿಸಲು ಭಾಮೈದನನ್ನೇ ಕರೆದ.