ರೋಸಮ್ಮ ಎತ್ತಿದ ಚೀಟಿ

ಆ ನಾಲ್ಕು ಚೀಟಿಗಳಲ್ಲೂ ನಾನು ಒಂದೇ ಮಾತು ಬರೆದಿದ್ದೆ. ದೇವರ ಚಿತ್ತ ಏನೆಂದು ತಿಳಿಯಲು ಒಂಬತ್ತು ಜನ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ, ಉತ್ತರವನ್ನು ನಾನಾಗಲೇ ಮಡಚಿ ಇಟ್ಟಿದ್ದೆ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಪ್ರತಿ ಶುಕ್ರವಾರ ಸಂಜೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ನಾನು ಸ್ಕೂಲ್ ಟೀಚರು, ಹಾಗಾಗಿ ಕೂಟಕ್ಕೂ ನಾನೇ ಲೀಡರು. ಯಾರು ಎಲ್ಲಿ ಕೂರಬೇಕು ಅನ್ನುವುದರಿಂದ ಹಿಡಿದು ಯಾವ ಹಾಡು ಎಷ್ಟು ಚರಣ ಅನ್ನುವವರೆಗೆ ನನ್ನದೇ ದರ್ಬಾರು. ಒಂದು ದಿನ ಪಾಸ್ಟರು ಬಂದವರು, "ಹಾಡಿ, ಕಾಫಿ ಕುಡಿದು ಎದ್ದು ಹೋದ್ರೆ ಆಯ್ತಾ? ಎಲ್ಲರೂ ಸೇರಿ ಹೊರಗೆ ಏನಾದ್ರೂ ಸೇವೆ ಮಾಡಿ" ಎಂದು ಚುಚ್ಚಿ ಹೋದರು.

ಮುಂದಿನ ವಾರ ನಾಲ್ಕು ಸಲಹೆ ಬಂದವು. ಸರ್ಕಾರಿ ಆಸ್ಪತ್ರೆಯ ರೋಗಿಗಳಿಗೆ ಗಂಜಿ ಕೊಡುವುದು — ಇದು ನನ್ನದು. ಮಗ್ಗದ ಬೀದಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು, ಪಕ್ಕದ ಮಧುರೆ ಊರಿನ ಕಡೆಯ ಇಟ್ಟಿಗೆ ಗೂಡಿನ ಮಕ್ಕಳಿಗೆ ಪಾಠ ಹೇಳುವುದು. ನಾಲ್ಕನೆಯದು ರೋಸಮ್ಮನದು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಅವಳು ಕೂಟದಲ್ಲಿ ಬಾಯಿ ಬಿಡುವವಳೇ ಅಲ್ಲ. ಅವತ್ತು ಬಿಟ್ಟಳು.

"ನಮ್ ಬೀದೀಲಿ ಹಾಸಿಗೆ ಹಿಡಿದೋರು ಇದಾರೆ ಟೀಚರ್. ಹೋಗಿ ಉಗುರು ತೆಗೆದು, ತಲೆ ಬಾಚಿ, ಬಟ್ಟೆ ಬದಲಾಯ್ಸಿ ಬರೋಣ. ಯಾವ ಜಾತಿ, ಯಾವ ಧರ್ಮ ಅಂತೆಲ್ಲ ಬೇಡ. ಸುಮ್ನೆ ಹೋಗೋಣ."

ಒಂದಿಬ್ಬರು ತಲೆಯಾಡಿಸಿದರು. ನನಗೆ ಅದು ಬೇಡವಾಗಿತ್ತು. ಗಂಜಿಯಾದರೆ ದೊಡ್ಡ ಪಾತ್ರೆ, ಉದ್ದನೆ ಸಾಲು, ಸಭೆಯಲ್ಲಿ ತೋರಿಸಲು ನಾಲ್ಕು ಫೋಟೋ. ಯಾರದೋ ಮನೆಯ ಕತ್ತಲೆ ಕೋಣೆಯಲ್ಲಿ ಉಗುರು ತೆಗೆದರೆ ಯಾರು ನೋಡುತ್ತಾರೆ? ಅದೂ ಅಲ್ಲದೆ — ಹೇಳಿಯೇಬಿಡುತ್ತೇನೆ — ನನಗೆ ಹೇಸಿಗೆ.

ಅಭಿಪ್ರಾಯ ಒಡೆದಾಗ ಚೀಟಿ ಎತ್ತುವುದು ನಮ್ಮ ಕೂಟದ ಪದ್ಧತಿ. ಬೈಬಲಿನಲ್ಲಿ ಯೇಸುವಿನ ಶಿಷ್ಯರು, ಅಪೊಸ್ತಲರೇ, ಚೀಟು ಹಾಕಿದ್ದರಲ್ಲ ಎಂಬ ಧೈರ್ಯ. ಒಬ್ಬರು ಎತ್ತಿದ ಮೇಲೆ ಉಳಿದ ಚೀಟಿಗಳನ್ನು ಬಿಚ್ಚದೆ ಒಲೆಗೆ ಹಾಕಬೇಕು. ದೇವರು ಬಿಟ್ಟಿದ್ದನ್ನು ಬಿಚ್ಚಿ ನೋಡುವುದು ಅಪನಂಬಿಕೆಯಂತೆ! ನಾನೇ ಮಾಡಿದ್ದ ನಿಯಮ, ಅವತ್ತು ನನ್ನನ್ನೇ ಕಾಪಾಡಿತು. ಕಾಫಿ ತರುವ ನೆವದಲ್ಲಿ ಅಡುಗೆಮನೆಗೆ ಹೋಗಿ, ನನ್ನ ಮುದ್ದಾದ ಟೀಚರ್ ಅಕ್ಷರದಲ್ಲಿ ನಾಲ್ಕು ಸಲ ಬರೆದೆ.

"ರೋಸಮ್ಮ, ನೀನೇ ಎತ್ತು" ಅಂದೆ. ಅವಳನ್ನೇ ಏಕೆ ಕರೆದೆ? ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅವಳು ಆಮೇಲೆ ತಕರಾರು ತೆಗೆಯದಿರಲಿ ಅಂತಲೇ? ಇರಬೇಕು. ಅವಳು ಬಿಚ್ಚಿ ಓದಿದಳು: "ಆಸ್ಪತ್ರೆಗೆ ಗಂಜಿ." ಎಲ್ಲರೂ "ಸ್ತೋತ್ರ" ಅಂದರು. ಅವಳೂ ಅಂದಳು.

ವಿಚಿತ್ರ ನೋಡಿ, ಗಂಜಿ ಚೆನ್ನಾಗಿಯೇ ನಡೆಯಿತು. ಪ್ರತಿ ಶನಿವಾರ, ಹತ್ತು ಜನರೂ ಸೇರಿ. ಬೇಳೆ ತೊಳೆಯುತ್ತಾ, ಸೌಟು ಹಿಡಿಯುತ್ತಾ ನಿಜವಾಗಿಯೂ ಒಂದು ಮನೆಯವರಂತಾದೆವು. ಎಷ್ಟೋ ಜನರ ಹೊಟ್ಟೆ ತುಂಬಿತು, ಅದು ಸುಳ್ಳಲ್ಲ. ಹಾಗಾದರೆ ದೇವರು ನನ್ನ ಮೋಸವನ್ನೇ ತೆಗೆದುಕೊಂಡು ಕೆಲಸ ಮಾಡಿಸಿದನೇ? ಅಥವಾ ಅವನಿಗೆ ನಮ್ಮ ಚೀಟಿಗಳ ಗೊಡವೆಯೇ ಇಲ್ಲವೇ? ಕುತೂಹಲ ತಡೆಯಲಾರದೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನಾಲ್ಕು ನಿಜವಾದ ಚೀಟಿ ಬರೆದು ಎತ್ತಿದೆ. ಹೊಲಿಗೆ ಬಂತು. ಮತ್ತೆ ಎತ್ತಿದೆ, ಇಟ್ಟಿಗೆ ಗೂಡು. ನಗು ಬಂತು, ಆಮೇಲೆ ಭಯವಾಯಿತು. ಚೀಟಿಗಳನ್ನು ಹರಿದು ಹಾಕಿದೆ.

ಹೋದ ತಿಂಗಳು ರೋಸಮ್ಮನ ಪಕ್ಕದ ಮನೆಯ ಗೌರಮ್ಮ ಬಿದ್ದು ಸೊಂಟ ಮುರಿದುಕೊಂಡರು. ಸೊಸೆ ಕೆಲಸಕ್ಕೆ ಹೋದರೆ ಹಗಲೆಲ್ಲ ಒಬ್ಬರೇ. ಶನಿವಾರ ನಮ್ಮ ಹಿತ್ತಲ ನಲ್ಲಿಯ ಹತ್ತಿರ ಗಂಜಿ ಪಾತ್ರೆ ಉಜ್ಜುತ್ತಿದ್ದ ರೋಸಮ್ಮನಿಗೆ, "ನೀನು ಹೋಗಿ ನೋಡ್ಬಾರ್ದೇನೇ? ನಿನಗೆ ಮನಸ್ಸಿತ್ತಲ್ಲ" ಅಂದೆ.

"ಅದು ನಂಗೆ ಕೊಟ್ಟಿಲ್ಲ ಟೀಚರ್."

ನನ್ನದೊಂದು ಕೆಟ್ಟ ಚಾಳಿ, ಉತ್ತರ ಸಿಗುವವರೆಗೆ ಬಿಡುವವಳಲ್ಲ. ಯಾಕೆ, ಯಾಕೆ ಎಂದು ಕೆದಕಿದೆ. ಅವಳು ತಲೆ ಎತ್ತದೆ ಹೇಳಿದಳು: "ನಮ್ಮಮ್ಮ ಮಲಗಿದ್ದಾಗ ನಾನು ಶಿಫ್ಟು ಬಿಡ್ಲಿಲ್ಲ. ಬೆನ್ನೆಲ್ಲ ಹುಣ್ಣಾಗಿ ಹೋದ್ರು. ಬೇರೆಯೋರನ್ನಾದ್ರೂ ನೋಡ್ಕೋತೀನಿ ಅಂತ ಅವತ್ತು ಕೇಳ್ಕೊಂಡೆ. ನನ್ ಕೈಯಲ್ಲೇ ಬೇಡ ಅಂತ ಬಂತಲ್ಲ. ದೇವ್ರು ನನ್ನ ಕ್ಷಮಿಸಿಲ್ಲ ಅಂತ ಗೊತ್ತಾಯ್ತು."

ಆರು ವರ್ಷ ಅವಳು ಅದನ್ನು ಹೊತ್ತುಕೊಂಡೇ ನನ್ನ ಪಾತ್ರೆ ಉಜ್ಜಿದ್ದಳು. ಅಯ್ಯೋ, ನಾನೆಂಥವಳು! ಅಲ್ಲೇ ಹೇಳಿದೆ: "ನಾಲ್ಕರಲ್ಲೂ ಗಂಜಿ ಅಂತಲೇ ಬರೆದಿದ್ದೆ ರೋಸಮ್ಮ." ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ನಲ್ಲಿ ನಿಲ್ಲಿಸಿದಳು. "ಹಂಗಾದ್ರೆ... ದೇವ್ರು ಬೇಡ ಅಂದಿರ್ಲಿಲ್ವಾ?"

"ಇಲ್ಲ."

"ನೀವು ಅಂದಿದ್ದಾ?"

"ಹೂಂ."

ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಈ ಆರು ವರ್ಷದಲ್ಲಿ ನಮ್ ಬೀದೀಲಿ ಮೂರು ಜನ ಮಲಗಿದ್ದಲ್ಲೇ ತೀರ್ಕೊಂಡ್ರು ಟೀಚರ್. ಒಬ್ರ ಮನೆ ಹೊಸ್ತಿಲೂ ನಾನು ದಾಟ್ಲಿಲ್ಲ" ಅಂದಳು. ಚಪ್ಪಲಿ ಮೆಟ್ಟಿಕೊಂಡು ಗೌರಮ್ಮನ ಮನೆಯ ಕಡೆ ಹೊರಟಳು. ನಾನೂ ಬರಲೇ ಎಂದು ಕೇಳಿದೆ. "ಬೇಡಿ" ಅಂದಳು. ಪಾತ್ರೆ ಅರ್ಧ ಉಜ್ಜಿದ್ದು ಹಾಗೇ ಇತ್ತು, ನಾನು ಕೂತು ಉಜ್ಜಿದೆ.

ಈ ಶುಕ್ರವಾರ ಕೂಟದಲ್ಲಿ ಎಲ್ಲರೆದುರು ಹೇಳುತ್ತೇನೆ. ಮುಂದೆ ಕೂಟ ಯಾರು ನಡೆಸಬೇಕೆಂದು ಅವರೇ ಕೂತು ಮಾತಾಡಿಕೊಳ್ಳಲಿ. ನಾನು ಬಾಯಿ ಹಾಕುವುದಿಲ್ಲ. ರೋಸಮ್ಮನಿಗೆ "ಕ್ಷಮಿಸು" ಎಂದು ಇನ್ನೂ ಕೇಳಿಲ್ಲ. ಕೇಳಿದರೆ ಅವಳು ಕ್ಷಮಿಸಿಯೇ ಬಿಡುತ್ತಾಳೆ ಎಂದು ಗೊತ್ತು — ಅಷ್ಟು ಸುಲಭವಾಗಿ ತೆಗೆದುಕೊಳ್ಳಲು ನನಗೆ ನಾಚಿಕೆಯಾಗುತ್ತದೆ.